ಜವರಯ್ಯನವರ ಎದೆಯ ಡಬ್ಬಿ

ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದ ಡಾಕ್ಟರ್ ಪ್ರತಾಪ್ ಮೊದಲು ಹುಬ್ಬೇರಿಸಿದರು, ಆಮೇಲೆ ತುಟಿ ಕಚ್ಚಿಕೊಂಡರು, ಕೊನೆಗೆ ತಡೆಯಲಾರದೆ ನಕ್ಕೇಬಿಟ್ಟರು.

"ತಪ್ಪು ತಿಳ್ಕೋಬೇಡಿ ಶಾಲಿನಿ. ನೋಡಿ ಇಲ್ಲಿ. ಗೂಟಕ್ಕೆ ಕಟ್ಟಿದ ಎಮ್ಮೆ ಸುತ್ತಿ ಸುತ್ತಿ ಹಗ್ಗ ಮುಗಿಸ್ಕೊಂಡ ಹಾಗಿದೆ."

ಶಾಲಿನಿ ನೋಡಿದಳು. ಹಾಸನದ ಆ ಆಸ್ಪತ್ರೆಯ ಬಿಲ್ ವಿಭಾಗದಲ್ಲಿ ಅವಳಿಗೆ ನಾಲ್ಕು ವರ್ಷದ ಕೆಲಸ. ಎಷ್ಟೋ ಜನರ ಎದೆಯ ಚಿತ್ರ ನೋಡಿದ್ದಳು, ಅಪ್ಪನದನ್ನು ನೋಡುವುದು ಬೇರೆ. ದಸರೆ ಕಳೆದ ಮೇಲೆ ಜವರಯ್ಯನವರ ಎಡ ಭುಜದ ಕೆಳಗೆ, ಚರ್ಮದ ಒಳಗೆ, ಪೇಸ್‌ಮೇಕರ್ ಇಟ್ಟಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಅದರಿಂದ ಹೃದಯದವರೆಗೆ ಒಂದು ತಂತಿ. ಆಸ್ಪತ್ರೆಯವರು ಅದನ್ನು ಲೀಡ್ ಅನ್ನುತ್ತಾರೆ. ಈಗ ಆ ಲೀಡ್ ಡಬ್ಬಿಯ ಸುತ್ತಲೇ ಸುರುಳಿ ಸುರುಳಿಯಾಗಿ ಸುತ್ತಿಕೊಂಡು, ತುದಿ ಹೃದಯವನ್ನು ಬಿಟ್ಟು ಮೇಲೆ ಬಂದಿತ್ತು. ಹೊಂಗಡಹಳ್ಳದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಜವರಯ್ಯ ಕಾಫಿ ಕಣದ ನಡುವೆ, ಯಾರನ್ನೋ ಬೈಯುತ್ತ ಬೈಯುತ್ತಲೇ ಕುಸಿದದ್ದು ಅದಕ್ಕೇ.

"ಲೀಡ್ ಮುರಿದಿಲ್ಲ," ಎಂದರು ಡಾಕ್ಟರ್. "ಬಿಚ್ಚಿ ಮತ್ತೆ ಜಾಗಕ್ಕೆ ಕೂರಿಸಿದರೆ ಸಾಕು. ಆದರೆ ತೊಡೆಯಿಂದ ಹಾಕಿರೋ ತಾತ್ಕಾಲಿಕ ತಂತಿಯಲ್ಲಿ ಅವರನ್ನ ಬಹಳ ಹೊತ್ತು ಇಡೋ ಹಾಗಿಲ್ಲ. ವಿಮೆಯವರ ಒಪ್ಪಿಗೆ ತರಿಸಿ, ಇವತ್ತೇ ಮಾಡ್ತೀನಿ."

ಒಪ್ಪಿಗೆ ಬೇಕಾದರೆ ಅರ್ಜಿಯಲ್ಲಿ ಚಿಕಿತ್ಸೆಯ ಕೋಡ್ ಹಾಕಬೇಕು. ಹೊಸ ಲೀಡ್ ಹಾಕಿದರೆ ಒಂದು ಕೋಡ್, ಮುರಿದದ್ದನ್ನು ರಿಪೇರಿ ಮಾಡಿದರೆ ಇನ್ನೊಂದು, ಜಾರಿದ್ದನ್ನು ಮತ್ತೆ ಕೂರಿಸಿದರೆ ಮತ್ತೊಂದು. ಜೊತೆಗೆ ಕಾರಣವನ್ನೂ ಬರೆಯಬೇಕು. ಶಾಲಿನಿ ಕಾರಣ ಕೇಳಲು ವಾರ್ಡಿಗೆ ಹೋದಳು.

ಜವರಯ್ಯ ಅಂಗಾತ ಮಲಗಿದ್ದರು. ಅಲುಗಾಡಬಾರದೆಂದು ಕಟ್ಟಪ್ಪಣೆಯಾಗಿತ್ತು, ಆದರೆ ಬಾಯಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಎಸ್ಟೇಟಿನ ಕಾಫಿ ಸ್ಟೋರಿನ ಅರ್ಧ ಜನ ಜೀಪಿನಲ್ಲಿ ಬಂದು ಮಂಚದ ಸುತ್ತ ನಿಂತಿದ್ದರು.

"ಅಪ್ಪ, ಡಬ್ಬಿ ಹೆಂಗೆ ತಿರುಗ್ತು?"

"ಅದ್ಯಾಕವ್ವ ತಿರುಗುತ್ತೆ? ತನ್ನ ಪಾಡಿಗೆ ತಾನೈತೆ."

ಮಂಚದ ಆಚೆಗಿದ್ದ ಇಂದ್ರಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. "ಸುಳ್ಳು ಕಣೇ ಶಾಲಿನಿ. ಕಾಫಿ ಬೀಜ ಒಣಗೈತಾ ಅಂತ ಬೆರಳಲ್ಲಿ ಉರುಳಿಸಿ ಉರುಳಿಸಿ ನೋಡ್ತಾರಲ್ಲ, ಹಂಗೇ ಕುಂತಲ್ಲೂ ನಿಂತಲ್ಲೂ ಆ ಡಬ್ಬೀನ ಉರುಳಿಸ್ತಿರ್ತಾರೆ. ಲೆಕ್ಕ ಹಾಕುವಾಗ ಒಂದು ಸುತ್ತು, ರೇಡಿಯೋ ಕೇಳುವಾಗ ಇನ್ನೊಂದು ಸುತ್ತು. ಕಂಡಾಗೆಲ್ಲ ಕೈ ಮೇಲೆ ಬಾರಿಸಿದೀನಿ."

ಶಾಲಿನಿ ಅಪ್ಪನ ಬೆರಳುಗಳನ್ನು ನೋಡಿದಳು. ನಲವತ್ತು ವರ್ಷ ಕಣದಲ್ಲಿ ನಿಂತು ಬೀಜ ಉರುಳಿಸಿದ ಬೆರಳು, ಉರುಳಿಸಲು ಸಿಕ್ಕಿದ್ದನ್ನು ಬಿಟ್ಟೀತೇ?

ಅಷ್ಟರಲ್ಲಿ ಸ್ಟೋರಿನ ಭೂತಯ್ಯ ಟವೆಲ್ ಹಿಂಡುತ್ತ ಮುಂದೆ ಬಂದ. "ನಂದೂ ಒಂದು ತಪ್ಪೈತೆ ಕಣವ್ವ. ಮುಟ್ಟಿ ನೋಡ್ಲಾ ಅಂತ ರೈಟರೇ ಅಂದ್ರು, ಮುಟ್ಟಿದೆ. ಸ್ವಲ್ಪ ತಿರುಗಿಸ್ದೆ."

"ನಾನೂ," ಎಂದಿತು ಹಿಂದಿನಿಂದ ಒಂದು ದನಿ.

"ನಾನು ಒಂದೇ ಸಲ," ಎಂದಳು ಕಣ ಗುಡಿಸುವ ರಾಮಮ್ಮ. "ಪುಣ್ಯ ಬರುತ್ತೇನೋ ಅಂತ."

"ಪುಣ್ಯನಾ? ಅದೇನು ಗುಡೀಲಿರೋ ಲಿಂಗನೇನೇ?" ಎಂದರು ಇಂದ್ರಮ್ಮ.

ಜವರಯ್ಯ ನಗಲು ಹೋದರು. "ನಗಬೇಡಿ!" ಎಂದು ನರ್ಸ್ ಕೂಗಿದಳು. ಅದನ್ನು ಕೇಳಿ ಉಳಿದವರೆಲ್ಲ ನಕ್ಕರು.

ಶಾಲಿನಿ ಮಾತ್ರ ನಗಲಿಲ್ಲ. ಎಸ್ಟೇಟಿನ ವಿಮೆಯ ಕರಾರು ಅವಳಿಗೆ ಬಾಯಿಪಾಠವಾಗಿತ್ತು. ರೋಗಿ ಬೇಕೆಂದೇ ಮಾಡಿಕೊಂಡ ಹಾನಿಗೆ ಒಪ್ಪಿಗೆ ಇಲ್ಲ.

ಬಿಲ್ ವಿಭಾಗದ ಲಿಂಗಪ್ಪ ದಾರಿ ತೋರಿಸಿದರು. "ಲೀಡ್ ಮುರಿದಿದೆ, ತಯಾರಿಕೆ ದೋಷ ಅಂತ ಬರೆದು ಹೊಸ ಲೀಡಿನ ಕೋಡ್ ಹಾಕಮ್ಮ. ಕಣ್ಣು ಮುಚ್ಚಿ ಪಾಸ್ ಮಾಡ್ತಾರೆ."

ಅವಳ ಪೆನ್ನು ಅಲ್ಲಿಯವರೆಗೂ ಹೋಯಿತು. ಆದರೆ ಮುರಿದ ಲೀಡ್ ಎಲ್ಲಿ ಎಂದು ನಾಳೆ ಕೇಳಿದರೆ? ಡಾಕ್ಟರ ಸಹಿಯೂ ಇರುವ ಹಾಳೆ ಅದು. ಸುಳ್ಳನ್ನು ಒಪ್ಪವಾಗಿ ಬರೆಯುವಷ್ಟು ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ. ಜಾರಿದ ಲೀಡನ್ನು ಮತ್ತೆ ಕೂರಿಸುವ ಕೋಡ್ ಹಾಕಿದಳು. ಕಾರಣದ ಜಾಗದಲ್ಲಿ "ರೋಗಿ ಅಭ್ಯಾಸಬಲದಿಂದ ಸಾಧನವನ್ನು ತಿರುಗಿಸಿದ್ದಾರೆ" ಎಂದು ಬರೆದು, ಫ್ಯಾಕ್ಸ್ ಮಾಡಿ, ಉಗುರು ಕಚ್ಚುತ್ತ ಕುಳಿತಳು.

ಫೋನ್ ಬೇಗನೇ ಬಂತು. ಬೆಂಗಳೂರಿನಿಂದ, ವಿಮೆ ಕಂಪನಿಯ ಡಾಕ್ಟರ್ ಸುಮಿತ್ರಮ್ಮ.

"ಇದೇನ್ರೀ ಬರೆದಿದ್ದೀರಿ? ತಿರುಗಿಸಿದ್ದು ರೋಗಿ ಅಂದ್ರೆ ಬೇಕಂತಲೇ ಮಾಡಿಕೊಂಡಿದ್ದು ಅಂತಾಯ್ತು. ನಾನು ಹೇಗೆ ಒಪ್ಪಿಗೆ ಕೊಡಲಿ?"

"ಬೇಕಂತ ಅಲ್ಲ ಮೇಡಂ. ಅವರಿಗೆ ಗೊತ್ತೇ ಆಗಲ್ಲ."

"ಅದನ್ನ ನೀವು ಹೇಳಿದ್ರೆ ಆಗಲ್ಲ. ರೋಗಿಗೆ ಕೊಡಿ."

ಶಾಲಿನಿ ಆಸ್ಪತ್ರೆಯ ಮೊಬೈಲನ್ನು ಹಿಡಿದು ಓಡಿದಳು. ಬದುಕಿನಲ್ಲಿ ಪ್ರತಿ ಮಾತನ್ನೂ ತೂಗಿ ಆಡಿದವಳು, ತೂಕವೇ ಗೊತ್ತಿಲ್ಲದ ಅಪ್ಪನ ಬಲಗೈಗೆ ಫೋನ್ ಕೊಟ್ಟಳು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಮಸ್ಕಾರ ಕಣ್ರವ್ವ! ಊಟ ಆಯ್ತಾ?"

"ಜವರಯ್ಯನವರೇ, ಆ ಡಬ್ಬೀನ ಯಾಕೆ ತಿರುಗಿಸಿದ್ರಿ?"

"ನಾನಾ? ದೇವರಾಣೆ ನಾನ್ಯಾಕೆ ತಿರುಗಿಸ್ಲಿ? ಇವರೆಲ್ಲ ಸೇರ್ಕಂಡು ನನ್ನ ಮೇಲೆ ಹೊರಿಸ್ಬುಟ್ಟವ್ರೆ. ಬಿಡಿ. ಈ ಸಲ ರೋಬಸ್ಟಾ ಕಾಫಿ ಹೆಂಗೈತೆ ಗೊತ್ತಾ ನಿಮಗೆ? ಒಂದೊಂದು ಬೀಜನೂ..."

ರೋಬಸ್ಟಾದ ಮಾತು ಬಂದದ್ದೇ ತಡ, ಅವರ ಖಾಲಿ ಎಡಗೈ ತಾನಾಗಿ ಎದ್ದು, ಹೊದಿಕೆಯ ಮೇಲೆ ಹರಿದು, ಭುಜದ ಕೆಳಗಿನ ಉಬ್ಬನ್ನು ಮೆಲ್ಲನೆ ಹಿಡಿದು...

"ಕೈ! ಕೈ ತೆಗೀರಿ!" ನರ್ಸ್ ಕಿರುಚಿದಳು.

"ನೋಡ್ರೀ, ಮತ್ತೆ ಉರುಳಿಸ್ತಾವ್ರೆ!" ಇಂದ್ರಮ್ಮ ಹಾರಿ ಬಂದು ಕೈ ಹಿಡಿದರು.

"ಯಾರು? ಯಾರ ಕೈ?" ಜವರಯ್ಯ ನಿಜವಾಗಿಯೂ ಗಾಬರಿಯಾಗಿ ಸುತ್ತ ನೋಡಿದರು. ಆಮೇಲೆ ತಮ್ಮದೇ ಎಡಗೈಯನ್ನು ಬೇರೆಯವರ ಮನೆ ದನ ತೋಟಕ್ಕೆ ನುಗ್ಗಿದ್ದನ್ನು ನೋಡುವಂತೆ ನೋಡಿ, "ಅಯ್ಯೋ, ಇದು ಯಾವಾಗ ಹೋಯ್ತು ಮಾರಾಯ!" ಎಂದರು.

ಇನ್ನು ಒಪ್ಪಿಗೆ ಹೋದ ಹಾಗೆಯೇ ಅಂದುಕೊಂಡಳು ಶಾಲಿನಿ. ಅಷ್ಟರಲ್ಲಿ ಆ ಕಡೆಯಿಂದ ಒಂದು ಕಿಸಕ್ ಕೇಳಿತು. ಅದು ದೊಡ್ಡದಾಗಿ, ತಡೆಯಲಾಗದ ನಗುವಾಗಿ, ಸ್ಪೀಕರ್ ಗರಗರ ಅಂದಿತು.

"ಸಾಕು ಸಾಕು, ಬೇಕಂತ ಅಲ್ಲ ಅನ್ನೋದು ಗೊತ್ತಾಯ್ತು. ನಿಮ್ಮ ಕೋಡ್ ಸರಿಯಾಗೇ ಇದೆ ಶಾಲಿನಿ. ಒಪ್ಪಿಗೆ ಕಳಿಸ್ತಾ ಇದ್ದೀನಿ. ಡಾಕ್ಟರಿಗೆ ಹೇಳಿ, ಈ ಸಲ ಡಬ್ಬೀನ ಮಾಂಸಕ್ಕೆ ಹೊಲಿಗೆ ಹಾಕಿ ಕಟ್ಟಲಿ."

"ಕೈಗೂ ಒಂದು ಹೊಲಿಗೆ ಹಾಕ್ಸಿ!" ಎಂದು ಇಂದ್ರಮ್ಮ ಫೋನಿಗೇ ಕೂಗಿದರು.

ಸ್ಟ್ರೆಚರ್ ಹೊರಟಿತು. ಇಂದ್ರಮ್ಮ ಗಂಡನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಓಡಿದರು, ಹಿಂದೆ ಸ್ಟೋರಿನ ಜನವೆಲ್ಲ ಓಡಿತು. "ಯಾರೂ ಮುಟ್ಟಬೇಡಿ!" ಎಂದು ಕೂಗಲು ಬಾಯಿ ತೆರೆದ ಶಾಲಿನಿಗೆ ನಗು ಉಕ್ಕಿ ಬಂದು ಮಾತೇ ಹೊರಡಲಿಲ್ಲ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಬಿಕ್ಕಳಿಕೆ ಬರುವವರೆಗೆ ನಕ್ಕಳು.