ಮದರಂಗಿ ಬೇಲಿ

ಬಾಚಣಿಗೆ ಮತ್ತೆ ಸಿಕ್ಕಿನಲ್ಲಿ ನಿಂತಿತು. ಮಹದೇವಮ್ಮ ಬೆರಳಿಗೆ ಇನ್ನೊಂದು ಹನಿ ಹರಳೆಣ್ಣೆ ಅದ್ದಿಕೊಂಡು, ತೊಡೆಯ ಮೇಲಿದ್ದ ಚಿಕ್ಕಬೋರಮ್ಮನ ತಲೆಯನ್ನು ತುಸು ಓರೆ ಮಾಡಿ, ಕಿವಿಯ ಹಿಂದಿನ ಗಂಟನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು. ಚಳಿಜ್ವರದಲ್ಲಿ ಮಲಗಿ ಮಲಗಿ ಕೂದಲೆಲ್ಲ ಜಡೆಗಟ್ಟಿತ್ತು. ಬೆಳಗಿನ ಜಾವ ಜೀವ ಹೋಗಿತ್ತು. ಈಗ ಮೀಯಿಸಿ, ಸೀರೆ ಸುತ್ತಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸುವುದಷ್ಟೇ ಉಳಿದಿತ್ತು.

“ಸಾಕು ಬುಡು ಮಾದೇವಕ್ಕ,” ಎಂದಳು ಪಕ್ಕದ ಮನೆಯ ರೇವಮ್ಮ. “ಮಣ್ಣಿಗೋಗೋ ತಲೆ. ಇನ್ಯಾರು ನೋಡ್ತಾರೆ?”

ಮಹದೇವಮ್ಮ ಬಿಡಲಿಲ್ಲ. ರೇವಮ್ಮ ನೀರಿನ ಚೊಂಬು ಕೆಳಗಿಟ್ಟು ಹತ್ತಿರ ಕೂತಳು. ದನಿ ತಗ್ಗಿಸಿ, ಸಮಾಧಾನದ ಮಾತೆಂದೇ ತಿಳಿದು ಹೇಳಿದಳು: “ಅದೇನೇ ಆಗ್ಲಿ, ಸವತಿ ಕಾಟ ಒಂದು ತೀರ್ತು ಅನ್ಕೊ. ಇನ್ಮ್ಯಾಕಾದ್ರೂ ಒಂದೀಟು ನೆಮ್ದಿಯಾಗಿರು.”

ಗಂಟು ಬಿಟ್ಟಿತು. ಮಹದೇವಮ್ಮ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಹೊತ್ತು ಏರಿದಂತೆ ಜನ ಬಂದರು. ಬಂದವರಿಗೆ ಯಾರ ಮುಂದೆ ಅಳಬೇಕೆಂದು ತಿಳಿಯಲಿಲ್ಲ. ಸತ್ತವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಉಳಿದವಳು ಸವತಿ, ಸವತಿಯ ಕೈ ಹಿಡಿದು ಏನು ಹೇಳುವುದು? ಹೆಂಗಸರು ಹೆಣದ ಮುಂದೆ ಕೂತು, ಎದ್ದು, ಮಹದೇವಮ್ಮನನ್ನು ಒಮ್ಮೆ ನೋಡಿ ಸುಮ್ಮನೆ ಹಿಂದೆ ಸರಿದರು. ಯುದ್ಧದ ಕಾಲ; ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು ಮಳವಳ್ಳಿಯಿಂದ ತೇಕುತ್ತ ಬಂದಾಗ ಮಧ್ಯಾಹ್ನವಾಗಿತ್ತು. ಅದರಲ್ಲಿ ಚಿಕ್ಕಬೋರಮ್ಮನ ಅಣ್ಣ ಮಾದಯ್ಯ ಮತ್ತು ಅವನ ಹೆಂಡತಿ ಬಂದರು. ಆಗ ಎಲ್ಲರ ದುಃಖಕ್ಕೂ ಒಂದು ದಾರಿ ಸಿಕ್ಕಿತು. ಹೆಂಗಸರು ಮಾದಯ್ಯನ ಹೆಂಡತಿಯನ್ನು ತಬ್ಬಿಕೊಂಡು ಅತ್ತರು. ಅವಳು ನಾದಿನಿಯನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು. ಮಹದೇವಮ್ಮ ಕಂಬದ ಪಕ್ಕ ನಿಂತು, ಬಂದವರಿಗೆ ಕುಡಿಯಲು ನೀರು ಸಾಕಾದೀತೋ ಇಲ್ಲವೋ ಎಂದು ಕೊಳದಪ್ಪಲೆ ಬಗ್ಗಿಸಿ ನೋಡಿದಳು.

*

ಹುಚ್ಚೀರಯ್ಯ ಬೆಲ್ಲದ ಮಂಡಿಯಲ್ಲಿ ಕೆಲಸ ಹಿಡಿದು, ಶಿಂಷಾ ಹೊಳೆಯಾಚೆಯ ಊರಿನಿಂದ ಮದ್ದೂರಿಗೆ ಬಂದು, ಪೇಟೆಯ ಹೊರಗೆ ಈ ಮನೆ ಕಟ್ಟಿದಾಗ ಮಹದೇವಮ್ಮ ಒಬ್ಬಳೇ ಹೆಂಡತಿ. ಹಿತ್ತಲ ಸುತ್ತ ಮದರಂಗಿ ಕಡ್ಡಿ ಊರಿದವಳು ಅವಳೇ. ಕಡ್ಡಿ ಚಿಗುರಿ ಬೇಲಿಯಾಯಿತು. ಅವಳ ಮಡಿಲು ತುಂಬಲಿಲ್ಲ. ಅತ್ತೆ ಕಾದು ಬೇಸತ್ತು ಮಳವಳ್ಳಿ ಕಡೆಯಿಂದ ಚಿಕ್ಕಬೋರಮ್ಮನನ್ನು ತಂದಳು. ಧಾರೆಯ ಹಿಂದಿನ ದಿನ ಆ ಹುಡುಗಿಯ ಕೈಗೆ ಮದರಂಗಿ ಅರೆಯುವುದಕ್ಕೂ ಮಹದೇವಮ್ಮನೇ ಆಗಬೇಕಾಯಿತು.

ಕೆಂಪಿ ಹುಟ್ಟಿದಳು. ಹೆತ್ತವಳ ಮಡಿಲಿಗಿಂತ ದೊಡ್ಡವ್ವನ ಸೊಂಟದ ಮೇಲೇ ಹೆಚ್ಚು ಬೆಳೆದಳು. ಎಲೆ ಕಿತ್ತುಕೊಂಡು ಬಂದು, ಪುಟ್ಟ ಅಂಗೈಗಳನ್ನು ಚಾಚಿ, ಹಚ್ಚುವ ತನಕ ಅಲುಗದೆ ನಿಲ್ಲುವಳು. ಆ ಕಾಲಕ್ಕೆ ನಾಲೆಯ ನೀರು ಬಂದು ಸುತ್ತೆಲ್ಲ ಗದ್ದೆಯಾಗಿತ್ತು, ಕಬ್ಬಾಗಿತ್ತು. ಜೊತೆಗೆ ಸೊಳ್ಳೆ, ಮನೆಮನೆಗೂ ಚಳಿಜ್ವರ. ಒಂದು ಮಳೆಗಾಲ ಕೆಂಪಿಯನ್ನು ಕರೆದುಕೊಂಡು ಹೋಯಿತು.

ಮಗುವನ್ನು ಮಣ್ಣು ಮಾಡಿ ಬಂದ ಸಂಜೆ, ಚಿಕ್ಕಬೋರಮ್ಮ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಒಂದು ಮಾತು ಅಂದಳು. “ಬಂಜೆ ಕಣ್ಣು ತಾಕ್ತು ನನ್ ಕೂಸಿಗೆ.”

ಮಹದೇವಮ್ಮ ಜಗಳವಾಡಲಿಲ್ಲ. ಮರುದಿನ ನಡುಮನೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತನ್ನ ಒಲೆ ಬೇರೆ ಮಾಡಿಕೊಂಡಳು. ಹುಚ್ಚೀರಯ್ಯ ಇರುವ ತನಕ ಅವನ ಬಾಯಿಂದ ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಮುಟ್ಟುತ್ತಿತ್ತು. ಅವನೂ ಹೋದ. ಆಮೇಲೆ ಒಂದೇ ಸೂರಿನಡಿ ಎರಡು ಹೊಗೆ ಏಳುತ್ತಿದ್ದವು, ಮಾತಿರಲಿಲ್ಲ. ಹಿತ್ತಲಿಗೂ ಯಾರೂ ಹೋಗದಾದರು.

*

ಅಂಗಳದಲ್ಲಿ ಗಂಡಸರು ಚಟ್ಟ ಕಟ್ಟುತ್ತಿದ್ದರು. ಹುಚ್ಚೀರಯ್ಯನ ತಮ್ಮನ ಮಗ ಚಲುವರಾಜು ಹೊಳೆಯಾಚೆಯ ಊರಿನಿಂದ ಬಂದು ಎಲ್ಲ ಉಸ್ತುವಾರಿ ವಹಿಸಿಕೊಂಡಿದ್ದ. ಮನೆತನದ ಹೊಲವನ್ನು ಉಳುತ್ತಿದ್ದವನು ಅವನೇ. ಹುಚ್ಚೀರಯ್ಯನ ಸಮಾಧಿ ಇದ್ದುದೂ ಅದೇ ಹೊಲದಲ್ಲಿ. ಹಳ್ಳ ತೋಡುವ ನಿಂಗಯ್ಯನನ್ನು ಅಲ್ಲಿಗೆ ಕಳುಹಿಸುವ ಮುಂಚೆ ಅವನು ಮಹದೇವಮ್ಮನ ಬಳಿ ಬಂದ. ಸತ್ತ ಮನೆಯಲ್ಲಿ ಹಿರಿಯಳನ್ನು ಒಂದು ಮಾತು ಕೇಳಬೇಕಲ್ಲ ಎಂಬ ಮರ್ಯಾದೆ.

“ದೊಡ್ಡಪ್ಪನ ಮಗ್ಗುಲಾಗಿರೋ ಜಾಗ ನಿಮ್ದು, ದೊಡ್ಡವ್ವ. ಅದನ್ನ ಮುಟ್ಟಾಕಿಲ್ಲ. ಚಿಕ್ಕವ್ವನ್ನ ಕಾಲ್ದೆಸೆಗೆ ಇಕ್ಕಾನ.”

ಅವನು ತಪ್ಪಾಡಿರಲಿಲ್ಲ. ಎರಡನೆಯ ಹೆಂಡತಿಗೆ ಕಾಲ್ದೆಸೆ ಎಂಬುದು ಅವರ ಕಡೆ ನಡೆದು ಬಂದದ್ದು. ಆದರೆ ಮಾದಯ್ಯನ ಮುಖ ಕಪ್ಪಿಟ್ಟಿತು. ಅವನು ಎದ್ದು ನಿಂತು, ತನ್ನ ತಂಗಿಯೂ ಧಾರೆಯೆರೆಸಿಕೊಂಡೇ ಬಂದವಳು, ಮಗು ಹೆತ್ತು ಕೊಟ್ಟವಳು, ಸತ್ತ ಮೇಲೂ ಕಾಲ ಬಳಿ ಬಿದ್ದಿರಬೇಕೇ ಎಂದ. ಊರಿನವರಲ್ಲಿ ಒಬ್ಬಿಬ್ಬರು ಪದ್ಧತಿಯ ಮಾತಾಡಿದರು. ಮಾತು ಬೆಳೆಯಿತು. ಜಗಲಿಯ ಮೇಲೆ ಒರಗಿ ಕೂತ ಚಿಕ್ಕಬೋರಮ್ಮನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಮಹದೇವಮ್ಮ ಹೋಗಿ ಅದನ್ನು ನೆಟ್ಟಗೆ ಮಾಡಿದಳು. ಅಲ್ಲಿಂದಲೇ, ತಿರುಗಿ ನೋಡದೆ ಹೇಳಿದಳು:

“ಎಲ್ಲಿಗೂ ಬ್ಯಾಡ. ಇಲ್ಲೇ ಇಕ್ಕಿ. ಹಿತ್ಲಾಗೆ.”

ಚಲುವರಾಜು, ಗಂಡನ ಹೊಲ ಇರುವಾಗ ಹಿತ್ತಲಲ್ಲಿ ಹೂಳಿದರೆ ನಾಲ್ಕು ಜನ ಏನಂದಾರು ಎಂದು ಕೇಳಿದ. ಮಾದಯ್ಯನಿಗೂ ಅದು ಸರಿಬರಲಿಲ್ಲ. ನಿಮ್ಮಿಬ್ಬರ ಹಳೇ ಹಗೆಗೆ ನನ್ನ ತಂಗಿಯನ್ನು ಗಂಡನಿಂದಲೇ ದೂರ ಮಾಡುತ್ತೀಯಾ ಅಕ್ಕ, ಎಂದುಬಿಟ್ಟ.

ಮಹದೇವಮ್ಮ ಈಗ ಅವನ ಕಡೆ ತಿರುಗಿದಳು. “ಅಗೆ ಅಲ್ಲ ಕಣಪ್ಪ ಮಾದಯ್ಯ. ನಾನೂ ಅಲ್ಲಿಗೆ ಬರಾಕಿಲ್ಲ. ನನ್ನೂ ಇವಳ ಮಗ್ಗುಲಾಗೇ ಇಕ್ಕಲಿ. ಅವರ ಪಕ್ಕದ ಜಾಗ ಖಾಲೀನೇ ಇರ್ಲಿ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಚಲುವರಾಜು ಹೆಗಲ ಮೇಲಿನ ಟವಲ್ಲನ್ನು ತೆಗೆದು ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ನಿಂಗಯ್ಯ ಗುದ್ದಲಿ ಹೊತ್ತು ಹಿತ್ತಲ ಕಡೆ ನಡೆದ.

*

ಸವತಿಯರು ಮಾತುಬಿಟ್ಟಿದ್ದ ಆ ವರ್ಷಗಳ ಮೌನ ಬೇಲಿಗೆ ಮಾತ್ರ ಆಗಿಬರಲಿಲ್ಲ. ಕತ್ತರಿಸುವವರಿಲ್ಲದೆ ಮದರಂಗಿ ಆಳೆತ್ತರ ಸೊರಗಿ ಬೆಳೆಯಿತು. ಬುಡವೆಲ್ಲ ಬೋಳು, ತುದಿಯಲ್ಲಿ ನಾಲ್ಕು ಎಲೆ. ನಡುನಡುವೆ ಗೆದ್ದಲು ಹತ್ತಿ ಗಿಡ ಒಣಗಿ, ಮೇಕೆ ನುಗ್ಗಿ, ಕಂಡಿ ಬಿದ್ದಿತ್ತು. ಒಂದು ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಹಿತ್ತಲಲ್ಲಿ ಕಡಿಯುವ ಸದ್ದು ಕೇಳಿ ಮಹದೇವಮ್ಮ ಹೊರಗೆ ಬಂದಳು. ಚಿಕ್ಕಬೋರಮ್ಮ ಸೀರೆ ಎತ್ತಿ ಕಟ್ಟಿ, ಮಚ್ಚು ಹಿಡಿದು, ಬೇಲಿಯನ್ನು ಗೇಣುದ್ದಕ್ಕೆ ಸವರಿ ಹಾಕುತ್ತಿದ್ದಳು. ತಾನು ನೆಟ್ಟ ಗಿಡ. ಮಹದೇವಮ್ಮನಿಗೆ ತಡೆಯಲಾಗಲಿಲ್ಲ.

“ಯಾಕಮ್ಮಿ ಕಡೀತಿದ್ದೀಯೆ?”

ಮಚ್ಚು ನಿಂತಿತು. ಎಷ್ಟೋ ವರ್ಷಗಳ ಮೇಲೆ ಬಂದ ಮಾತು. ಚಿಕ್ಕಬೋರಮ್ಮ ತಲೆ ಎತ್ತಲಿಲ್ಲ. “ಕಡೀದೆ ಇದ್ರೆ ಉಳಿಯಾಕಿಲ್ಲ ಕಣಕ್ಕ. ಬುಡ ಇನ್ನೂ ಅಸಿಯಾಗೇ ಅದೆ. ಬಾ, ನೋಡು.”

ಮಹದೇವಮ್ಮ ಬಗ್ಗಿ ನೋಡಿದಳು. ಕಡಿದ ಕಡೆ ತೊಗಟೆಯ ಒಳಗೆ ತೆಳ್ಳಗೆ ಹಸಿರು ಗೆರೆಯಿತ್ತು. ಅವಳು ಒಳಗೆ ಹೋಗಿ ಕುಡುಗೋಲು ತಂದು ಇನ್ನೊಂದು ಕೊನೆಯಿಂದ ಶುರು ಮಾಡಿದಳು.

ಆ ಮಳೆಗಾಲವೆಲ್ಲ ಅವರಿಬ್ಬರ ಮಾತು ಬೇಲಿಯದೇ. ಬುಡ ಕೆದಕಿದರು. ಗೆದ್ದಲಿಗೆ ಹೊಂಗೆ ಹಿಂಡಿ, ಮೇಲೆ ಒಲೆಯ ಬೂದಿ, ತಿಪ್ಪೆಗೊಬ್ಬರ. ಕಂಡಿ ಬಿದ್ದಲ್ಲಿ, ಪಕ್ಕದ ಗಿಡ ಚಿಗುರಿದ ಮೇಲೆ ಅದರ ಉದ್ದನೆಯ ಕೊಂಬೆಯನ್ನು ಬಗ್ಗಿಸಿ, ನಡುವೆ ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರಿದರು. ಮುಚ್ಚಿದಲ್ಲಿ ಬೇರು ಬಿಟ್ಟು ಹೊಸ ಗಿಡ ಎದ್ದಿತು. ಹುಲುಸಾಗಿ ಎದ್ದ ಕುಡಿಗಳನ್ನು ಮತ್ತೆ ಚಿವುಟಿ ಚಿವುಟಿ ಬುಡ ತುಂಬಿಸಿದರು. ಹಸಿ ಎಲೆ ತರಿದು ತರಿದು ಒಂದು ಸಂಜೆ ಇಬ್ಬರ ಅಂಗೈಯೂ ಕೆಂಪಾಗಿತ್ತು. ಅಷ್ಟರಲ್ಲಿ ರೇವಮ್ಮ ಮಜ್ಜಿಗೆ ಕೇಳಿಕೊಂಡು ಬಂದಳು. ಇಬ್ಬರು ವಿಧವೆಯರೂ ಒಟ್ಟಿಗೇ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, ಮಜ್ಜಿಗೆ ಇಲ್ಲವೆಂದು ಸುಳ್ಳು ಹೇಳಿ ಕಳುಹಿಸಿದರು. ಅವಳು ಅತ್ತ ಹೋದ ಮೇಲೆ ಚಿಕ್ಕಬೋರಮ್ಮನಿಗೆ ನಗು ಬಂತು. ನಕ್ಕು ನಕ್ಕು, ತನ್ನ ಅಂಗೈ ನೋಡಿಕೊಂಡು, ಅಳತೊಡಗಿದಳು.

“ಅವಳು ಕೈ ಚಾಚಿ ನಿಂತ್ಕೊತಿದ್ಲು ಅಲ್ವಕ್ಕ, ನಿನ್ ಮುಂದೆ.”

“ಊಂ.”

“ನನ್ ತಾವ ಯಾವತ್ತೂ ಅಂಗೆ ನಿಲ್ತಿರ್ನಿಲ್ಲ.”

ಆ ರಾತ್ರಿ ಮಹದೇವಮ್ಮ ಮುದ್ದೆಗೆ ಎಸರಿಟ್ಟು ಕೂತಿದ್ದಾಗ ಚಿಕ್ಕಬೋರಮ್ಮ ಮೊರದಲ್ಲಿ ತನ್ನ ಪಾಲಿನ ರಾಗಿಹಿಟ್ಟು ತಂದು ಅದೇ ಮಡಕೆಗೆ ಸುರಿದಳು. ಮೂಲೆಯ ಮೂರು ಕಲ್ಲುಗಳು ಅವರೆ ಚಪ್ಪರದ ಬುಡಕ್ಕೆ ಹೋದವು.

ಹೊರಗಿನವರಿಗೆ ಇದು ಗೊತ್ತಾಗಲೇ ಇಲ್ಲ. ಬೇಲಿ ಮತ್ತೆ ದಟ್ಟವಾಗಿ ಬೆಳೆದು, ಒಳಗೆ ಯಾರು ಯಾರೊಂದಿಗೆ ಕೂತು ಬದನೆಗೆ ಪಾತಿ ಮಾಡುತ್ತಾರೆ ಎಂಬುದು ಓಣಿಗೆ ಕಾಣುತ್ತಿರಲಿಲ್ಲ. ಇಬ್ಬರೂ ಹೇಳಲು ಹೋಗಲಿಲ್ಲ.

*

ಹಳ್ಳ ಸಿದ್ಧವಾಯಿತು. ಹೆಣ ಮುಂಬಾಗಿಲಿಂದಲೇ ಹೊರಡಬೇಕು. ಹಿತ್ತಲ ಬಾಗಿಲಲ್ಲಿ ಸಾಗಿಸುವಂತಿಲ್ಲ. ಹೊತ್ತವರು ಓಣಿ ಸುತ್ತಿ ಹಿತ್ತಲ ಹಿಂದಕ್ಕೆ ಬಂದು ನಿಂತರು. ಅಲ್ಲಿ ಬೇಲಿಗೆ ಇದ್ದುದು, ಒಬ್ಬರು ಓರೆಯಾಗಿ ನುಸುಳುವಷ್ಟು ಕಿರಿದಾದ ಒಂದು ತಡಿಕೆ ಬಾಗಿಲು. ಮೇಲಿನಿಂದ ದಾಟಿಸೋಣವೆಂದರೆ ಮದರಂಗಿ ಆಳೆತ್ತರವಿತ್ತು, ಒಂದು ಕೋಳಿಯೂ ತೂರದಷ್ಟು ಒತ್ತಾಗಿತ್ತು. ಹೆಗಲ ಮೇಲಿನ ಭಾರ ಕಾಯುವುದಿಲ್ಲ. ನಿಂಗಯ್ಯ ಕೊಡಲಿ ತಂದು, ಮಹದೇವಮ್ಮನ ಮುಖ ನೋಡಿ, ತಡೆದ.

“ಕಡೀಲೇನವ್ವ?”

ಹೆಂಗಸರು ಹಳ್ಳದ ತನಕ ಬರುವುದು ವಾಡಿಕೆಯಲ್ಲ. ಆದರೆ ಅದು ಅವಳ ಹಿತ್ತಲು. ಅವಳು ಒಳಗೆ ಹೋಗಿ ಮಚ್ಚು ತಂದಳು. ನಿಂಗಯ್ಯ ಸರಿದು ನಿಂತ. ಮೊದಲ ಏಟು ಎಲೆಗೆ ಸಿಕ್ಕಿ ಜಾರಿತು. ಎರಡನೆಯದು ಕೊಂಬೆಗೆ ಕಚ್ಚಿತು. ಬಗ್ಗಿಸಿ ಬೇರು ಬಿಡಿಸಿದ ಗಿಡಗಳು ಒಂದಕ್ಕೊಂದು ಹೆಣೆದುಕೊಂಡು, ಒಂದನ್ನು ಕಡಿದರೆ ಇನ್ನೊಂದು ಎಳೆಯುತ್ತಿತ್ತು. ಅವಳು ಕೂತು, ಎದ್ದು, ಮತ್ತೆ ಕೂತು ಬುಡಮಟ್ಟ ಕಡಿದಳು. ಹೊತ್ತವರು ಹೆಗಲು ಬದಲಾಯಿಸಿಕೊಂಡರು. ನಡುವೆ ಒಮ್ಮೆ ಮಾದಯ್ಯ ಮುಂದೆ ಬಂದು ಮಚ್ಚಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವನು ಕಡಿದು ಬಿದ್ದ ಕೊಂಬೆಗಳನ್ನು ಒಂದೊಂದಾಗಿ ಆಚೆಗೆ ಎಳೆದು ಹಾಕುತ್ತ ಅವಳ ಪಕ್ಕದಲ್ಲೇ ಉಳಿದ.

ಇಬ್ಬಿಬ್ಬರು ಜೊತೆಯಾಗಿ ಹಾಯುವಷ್ಟು ದಾರಿಯಾಯಿತು. ಚಟ್ಟ ಒಳಗೆ ಬಂತು. ಚಲುವರಾಜು ಮೊದಲ ಮಣ್ಣು ಹಾಕಿದ, ಆಮೇಲೆ ಮಾದಯ್ಯ. ಆಮೇಲೆ ಯಾರೂ ಕರೆಯದಿದ್ದರೂ ಮಹದೇವಮ್ಮ.

ಇಳಿಹೊತ್ತಿಗೆ ಜನ ಕರಗಿದರು. ಮಾದಯ್ಯನಿಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತು. ಹೋಗುವಾಗ ಅವನು ಬಾಗಿಲ ಬಳಿ ನಿಂತು, ಬತ್ತೀನಿ ಅಕ್ಕ ಎಂದಷ್ಟೇ ಹೇಳಿದ. ಚಲುವರಾಜು ತನ್ನ ಜೊತೆ ಊರಿಗೆ ಬರುವಂತೆ ಕರೆದ, ಅವಳು ಒಲ್ಲೆನೆಂದಳು. ಹಾಗಾದರೆ ನಾಳೆ ಬೆಳಗ್ಗೆ ಒಂದು ಗಾಡಿ ಜಾಲಿಮುಳ್ಳು ತಂದು ಕಂಡಿ ಮುಚ್ಚಿಸುತ್ತೇನೆ ಎಂದು ಅವನೂ ಹೊರಟ. ರೇವಮ್ಮ ಒಂದು ಮುದ್ದೆ, ಸೊಪ್ಪಿನ ಸಾರು ಇಟ್ಟು ಹೋದಳು.

ನಾಲೆಯ ಏರಿ ಮೇಲೆ ದನಗಳು ಮನೆ ಕಡೆ ತಿರುಗುವ ಹೊತ್ತು. ಮಹದೇವಮ್ಮ ಹಿತ್ತಲಿಗೆ ಬಂದಳು. ಹಸಿಮಣ್ಣಿನ ದಿಬ್ಬ ಇನ್ನೂ ಮೆತ್ತಗಿತ್ತು. ಒಂದು ಗೊರಸು ಬಿದ್ದರೆ ಕುಸಿಯುವಂತಿತ್ತು. ಓಣಿಯ ಕಡೆ ಗೊರಸಿನ ಸದ್ದು ಕೇಳಿಸಿತು. ಅವಳು ಹೋಗಿ ಬೇಲಿ ಕಡಿದ ಜಾಗದಲ್ಲಿ, ಕೂಳೆಗಳ ನಡುವೆ, ನೆಲದ ಮೇಲೆ ಕೂತಳು. ಮುಂದಿನ ಎಮ್ಮೆ ಬಂದು ನಿಂತು, ಒಳಗಿನ ಹಸಿರಿನ ಕಡೆ ಮೂತಿ ಚಾಚಿತು. ಮಹದೇವಮ್ಮ ಎರಡೂ ಕೈಗಳನ್ನು ಅಗಲಿಸಿ, ಅತ್ತ ಇತ್ತ ಉಳಿದ ಬೇಲಿಯನ್ನು ಹಿಡಿದುಕೊಳ್ಳಲು ನೋಡಿದಳು. ಬಲಗೈ ಒಂದು ಕೊಂಬೆಗೆ ತಾಕಿತು. ಎಡಗೈಯನ್ನು ಎಷ್ಟು ಚಾಚಿದರೂ ಬೇಲಿ ಸಿಗಲಿಲ್ಲ.