ಅಂತೂ ನಿಂತಿತು

ಓಣಿಯಿಂದ ಬಸ್ಸು ಹಿಮ್ಮುಖವಾಗಿ ಹೊರಬರುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದವರು ಭಾವ. ಹೆಂಡತಿಯ ಮಣ್ಣಿಗೆ ಹೊರಟ ಜನರನ್ನು ಗಂಡನೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಡಿಪೋದವರು ಬಸ್ಸಿನ ಜೊತೆ ಒಬ್ಬ ಡ್ರೈವರನ್ನೂ ಕಳಿಸಿದ್ದರು. ಆತ ಎಷ್ಟು ಹೇಳಿದರೂ ಭಾವ ಸೀಟು ಬಿಟ್ಟುಕೊಡಲಿಲ್ಲ.

"ಬಿಡಪ್ಪ," ಎಂದರು ಭಾವನ ಜೊತೆ ವರ್ಷಗಟ್ಟಲೆ ಟಿಕೆಟ್ ಹರಿದ ಮುದಿ ಕಂಡಕ್ಟರು. "ಸುಮ್ನೆ ಕೂತ್ರೆ ಅವನ ಕೈ ನಡುಗುತ್ತೆ. ಚಕ್ರ ಹಿಡ್ಕೊಂಡ್ರೆ ನಡುಗಲ್ಲ."

ಇಂಜಿನ್ನಿನ ಪಕ್ಕದ ಸೀಟಿನಲ್ಲಿ ತಮ್ಮ ಕುಳಿತಿದ್ದ. ಸತ್ತವಳು ಅವನ ಒಬ್ಬಳೇ ಅಕ್ಕ. ಮುಂದೆ ಶವದ ವ್ಯಾನು ಮೆಲ್ಲಗೆ ಸಾಗುತ್ತಿತ್ತು. ಭಾವ ಅದಕ್ಕೂ ಬಸ್ಸಿಗೂ ನಡುವಿನ ಅಂತರ ಹೆಚ್ಚದಂತೆ, ತಗ್ಗದಂತೆ ನೋಡಿಕೊಳ್ಳುತ್ತಿದ್ದರು.

ಹಿಂದಿನ ಸೀಟಿನಿಂದ ಚಿಕ್ಕಮ್ಮ ಬಗ್ಗಿ ತಮ್ಮನ ಭುಜ ಮುಟ್ಟಿದಳು. ಮೊದಲು ಹಲ್ಲುನೋವು ಅಂದರು, ಆಮೇಲೆ ಭೇದಿ ಅಂದರು, ಭೇದಿಗೆ ಈ ಕಾಲದಲ್ಲಿ ಯಾರಾದರೂ ಸಾಯುತ್ತಾರಾ ಎಂದು ಪಿಸುಗುಟ್ಟಿದಳು. "ನೀನು ಅದನ್ನೇ ಅಲ್ವೇನೋ ಓದಿರೋದು?"

ಅವನು ಹೌದೆಂದು ತಲೆಯಾಡಿಸಿದ. ಓದಿದ್ದಷ್ಟೇ ಅಲ್ಲ, ಅವನ ಹೊಟ್ಟೆಪಾಡೂ ಅದೇ. ಪ್ರಯೋಗಾಲಯದಲ್ಲಿ ಗಾಜಿನ ಬಟ್ಟಲುಗಳಲ್ಲಿ ಮನುಷ್ಯರ ಕರುಳಿನ ಜೀವಕೋಶಗಳನ್ನು ಬೆಳೆಸುವುದು, ಕರುಳಿನ ಬ್ಯಾಕ್ಟೀರಿಯಾ ಉಗುಳುವ ವಿಷವನ್ನು ಅವುಗಳ ಮೇಲೆ ಹನಿಸಿ ಏನಾಗುತ್ತದೆಂದು ನೋಡುವುದು. ಅಕ್ಕ ತನ್ನ ಗಿರಾಕಿಗಳಿಗೆ ಅದನ್ನು ಬೇರೆ ಥರ ಹೇಳುತ್ತಿದ್ದಳು: "ಜನ ಕೋಳಿ ಸಾಕ್ತಾರೆ. ನನ್ನ ತಮ್ಮ ಕರುಳು ಸಾಕ್ತಾನೆ."

*

ಅಕ್ಕನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಹಳೆಯ ಕೋಟುಗಳ ಹರಿದ ಅಸ್ತರು ಬಿಚ್ಚಿ ಒಳಗೆ ಹೊಸ ಬಟ್ಟೆ ಕೊಡುವುದು, ಸೊಂಟ ಹಿಗ್ಗಿಸುವುದು, ಸತ್ತ ಅಪ್ಪನ ಕೋಟನ್ನು ಮಗನ ಅಳತೆಗೆ ಇಳಿಸುವುದು ಅವಳ ಕೆಲಸ. ಗುಂಡುಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ದವಡೆ ಊದಿಕೊಂಡಾಗ ಪಿನ್ನು ಕಚ್ಚಲಾಗುತ್ತಿಲ್ಲವೆಂಬುದೇ ಅವಳ ದೊಡ್ಡ ದೂರು.

ಹಲ್ಲಿನ ಡಾಕ್ಟರ ಮಾತ್ರೆಗೆ ಊತ ಇಳಿಯಿತು. ಆ ಮಾತ್ರೆ ದವಡೆಯ ರೋಗಾಣುಗಳ ಜೊತೆಗೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕಿತು. ಅವುಗಳ ಗದ್ದಲದಲ್ಲಿ ಬಾಲ ಮುದುರಿಕೊಂಡಿದ್ದ, ವಿಷ ಉಗುಳುವ ಒಂದು ಜಾತಿ ಮಾತ್ರ ಉಳಿದು, ಮನೆ ಖಾಲಿಯಾದದ್ದು ಕಂಡು, ಹಬ್ಬತೊಡಗಿತು.

ಭೇದಿ ಶುರುವಾಯಿತು. ಅಕ್ಕನಿಗೆ ನಾಚಿಕೆ, ತಮ್ಮನಿಗೆ ಹೇಳಬೇಡಿ ಎಂದಳಂತೆ. ದೂರದ ದಾರಿಯ ಡ್ರೈವರುಗಳ ಜೇಬಿನಲ್ಲಿ ಯಾವಾಗಲೂ ಒಂದು ಮಾತ್ರೆ ಇರುತ್ತದೆ. ಹೊಟ್ಟೆ ಕೆಟ್ಟಿತೆಂದು ಜನ ತುಂಬಿದ ಬಸ್ಸನ್ನು ನಡುದಾರಿಯಲ್ಲಿ ಬಿಟ್ಟು ಇಳಿಯುವಂತಿಲ್ಲವಲ್ಲ. ಅದನ್ನು ನುಂಗಿದರೆ ಡಿಪೋ ಮುಟ್ಟುವ ತನಕ ಹೊಟ್ಟೆ ಕಟ್ಟುತ್ತದೆ. ಭಾವ ಅದನ್ನೇ ಕೊಟ್ಟರು. ಕಡಿಮೆಯಾಗಲಿಲ್ಲವೆಂದು ಮತ್ತೆ ಕೊಟ್ಟರು.

ಅಕ್ಕನ ಫೋನು ಬಂದಾಗ ಸೂಕ್ಷ್ಮದರ್ಶಕದ ಮುಂದೆ ತಮ್ಮ ಕುಳಿತಿದ್ದ. ಅಕ್ಕನ ಸ್ವರ ಸೋತಿತ್ತು, ಆದರೂ ನಗುತ್ತಿತ್ತು. ನಡೆದದ್ದನ್ನೆಲ್ಲ ಅವಳು ಹೇಳಿದ್ದು ಆಗಲೇ, ಮುಗಿದುಹೋದ ಕತೆಯ ಹಾಗೆ.

"ನಿಮ್ಮ ಭಾವನ ಬಸ್ಸಿಗಾದ್ರೂ ಬ್ರೇಕಿದೆ, ನನ್ನ ಹೊಟ್ಟೆಗಿರ್ಲಿಲ್ಲ ನೋಡು. ಇವತ್ತು ಅಂತೂ ನಿಂತಿತು."

"ಒಳ್ಳೇದಾಯ್ತು ಬಿಡು," ಎಂದ ಅವನು.

ಹೊಟ್ಟೆ ಉಬ್ಬಿದೆಯಾ ಎಂದು ಕೇಳಲಿಲ್ಲ. ನಿಂತಿತು ಎಂದರೆ ಎಲ್ಲರ ಮನೆಯಲ್ಲೂ ಒಳ್ಳೆಯ ಸುದ್ದಿಯೇ. ರಕ್ತ ನಿಂತಿತು, ವಾಂತಿ ನಿಂತಿತು, ಮಗುವಿನ ಅಳು ನಿಂತಿತು. ಅಕ್ಕನಲ್ಲಿ ನಿಂತದ್ದು ಭೇದಿಯಲ್ಲ, ಕರುಳೇ. ಮರುದಿನ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಆಸ್ಪತ್ರೆಯಲ್ಲಿ ಕೊಯ್ದು ನೋಡಿದವರು ಇನ್ನೇನೂ ಮಾಡುವಂತಿಲ್ಲವೆಂದು ಹೊಲಿದು ಹೊರಗೆ ಕಳಿಸಿದರು.

*

ಮಣ್ಣು ಮುಗಿದ ಮೇಲೆ ಜನ ಕೈ ತೊಳೆದು ಬಸ್ಸಿನ ಕಡೆ ಹೋದರು. ನಲ್ಲಿಯ ಹತ್ತಿರ ಇಬ್ಬರೇ ಉಳಿದರು. ಭಾವನ ಉಗುರುಗಳಲ್ಲಿ ಮಣ್ಣಿತ್ತು. ಅದನ್ನು ತೆಗೆಯುತ್ತಲೇ ಅವರು ಕೇಳಿದರು.

"ನಿಜ ಹೇಳು. ನಾನು ಕೊಟ್ಟ ಮಾತ್ರೇನಾ?"

ತಮ್ಮ ಇದಕ್ಕಾಗಿ ಬೆಳಗಿನಿಂದ ಮಾತು ಹುಡುಕುತ್ತಿದ್ದ. ಸಿಕ್ಕಿದ್ದು ಅವನಿಗೆ ಗೊತ್ತಿದ್ದ ಮಾತು ಮಾತ್ರ.

"ಆ ಬ್ಯಾಕ್ಟೀರಿಯಾದ ವಿಷ ತಾನಾಗಿ ನುಗ್ಗಲ್ಲ ಭಾವ. ಬಂದು ಅಂಟ್ಕೊಳ್ಳುತ್ತೆ ಅಷ್ಟೆ. ಕರುಳಿನ ಕೋಶಾನೇ ಅದನ್ನ ಚೀಲದ ಥರ ಸುತ್ತಿ ಒಳಗೆ ಎಳ್ಕೊಳ್ಳುತ್ತೆ. ಬಂದಿದ್ದನ್ನ ಒಳಗೆ ತಗೊಳ್ಳೋದೇ ಅದರ ಕೆಲಸ."

ಆ ಚೀಲದೊಳಕ್ಕೆ ಕೋಶವು ಹುಳಿ ಸುರಿಯುತ್ತದೆ, ಆ ಹುಳಿಯೇ ವಿಷವನ್ನು ಎಬ್ಬಿಸುತ್ತದೆ, ಎದ್ದ ವಿಷ ಚೀಲ ತೂತು ಮಾಡಿಕೊಂಡು ಹೊರಬರುತ್ತದೆ ಎಂದು ವಿವರಿಸಿದ. ಕೋಶಕ್ಕೆ ಆಕಾರ ಕೊಡುವ ನೂಲುಗಳು ಒಳಗಿರುತ್ತವೆ. ವಿಷ ಅವನ್ನು ಸಡಿಲಿಸುತ್ತದೆ. "ನೂಲು ಸಡಿಲಾದ್ರೆ ಕೋಶ ಗುಂಡಗೆ ಮುದುಡಿ ಪಕ್ಕದ್ದರಿಂದ ಬಿಟ್ಕೊಳ್ಳುತ್ತೆ. ಅಸ್ತರಿನ ಹೊಲಿಗೆ ಬಿಟ್ಟ ಹಾಗೆ."

ಭಾವ ಗುರುತಿಲ್ಲದ ಊರಿನ ದಾರಿ ಕೇಳಿಸಿಕೊಳ್ಳುವವರಂತೆ ಕೇಳಿಸಿಕೊಂಡರು. "ಅದು ಸರಿ. ಮಾತ್ರೆ?"

ಮಾತ್ರೆ ಕರುಳನ್ನು ಅಲುಗದಂತೆ ಮಾಡುತ್ತದೆ. ಅಲುಗದ ಕರುಳಿನಲ್ಲಿ ವಿಷವೂ ಹೊರಹೋಗದೆ ಕೂರುತ್ತದೆ. ಹಾಗೆಂದು ಪುಸ್ತಕದಲ್ಲಿತ್ತು. ಯಾವ ಮಾತ್ರೆಯನ್ನೂ ನುಂಗದವರ ಕರುಳೂ ಹೀಗೆಯೇ ಸ್ತಬ್ಧವಾದದ್ದುಂಟು ಎಂದೂ ಅದೇ ಪುಸ್ತಕದಲ್ಲಿತ್ತು. ಪ್ರಯೋಗಾಲಯದಲ್ಲಾದರೆ ಎರಡು ಬಟ್ಟಲು ಪಕ್ಕಪಕ್ಕ ಇಟ್ಟು, ಒಂದಕ್ಕೆ ಮಾತ್ರೆ ಹಾಕಿ ಇನ್ನೊಂದಕ್ಕೆ ಹಾಕದೆ ನೋಡಬಹುದಿತ್ತು. ಅಕ್ಕ ಒಬ್ಬಳೇ ಇದ್ದಳು.

"ಗೊತ್ತಾಗಲ್ಲ ಭಾವ."

"ನಿನಗೂ?"

"ಯಾರಿಗೂ."

ಭಾವನ ಮುಖದಲ್ಲಿ ಸಮಾಧಾನವೇನೂ ಮೂಡಲಿಲ್ಲ. ಶಿಕ್ಷೆಗೆ ಬೆನ್ನೊಡ್ಡಿ ಬಂದವನನ್ನು ಹಾಗೆಯೇ ವಾಪಸು ಕಳಿಸಿದಂತಾಯಿತು. "ಹೌದು ಅಂದಿದ್ರೂ ಆಗ್ತಿತ್ತು ಕಣೋ," ಎಂದು ಜೇಬಿನಲ್ಲಿ ಕೀಲಿ ತಡಕಾಡುತ್ತ ನಡೆದರು. ನಲ್ಲಿ ತಿರುಗಿಸಿ ನಿಲ್ಲಿಸಿ ತಮ್ಮನೂ ಹಿಂದೆ ನಡೆದ.

*

ಬರುವಾಗ ಬಸ್ಸಿನಲ್ಲಿ ಸಣ್ಣ ಮಾತುಗಳು ಹುಟ್ಟಿಕೊಂಡಿದ್ದವು. ಯಾರೋ ಕಾಲುನೋವಿನ ಬಗ್ಗೆ ಹೇಳುತ್ತಿದ್ದರು, ಯಾರೋ ಆಕಳಿಸಿದರು.

ದೊಡ್ಡ ರಸ್ತೆಯ ಸ್ಟಾಪಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಮಾಡಿದಳು. ಭಾವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಾಗಿಲು ಬುಸ್ಸೆಂದು ತೆರೆಯಿತು. ಹೆಂಗಸು ಏದುಸಿರು ಬಿಡುತ್ತ ಹತ್ತಿ, ಒಂದೇ ಮನೆಯವರಂತೆ ಒತ್ತಿ ಕೂತ ಜನರನ್ನು ನೋಡಿ, ಎಲ್ಲ ಮದುವೆಗೆ ಹೊರಟಿದ್ದೀರೇನೋ ಎಂದಳು. ಮಾರ್ಕೆಟ್ಟಿಗೆ ಹೋಗುತ್ತದೆಯೇ ಎಂದು ಕೇಳಿದಳು.

ಟಿಕೆಟ್ಟಿನ ಚೀಲವಿಲ್ಲದ ಹೆಗಲಿಗೆ ಕಂಡಕ್ಟರ ಕೈ ಹೋಗಿ ಹಿಂದಿರುಗಿತು.

"ಕೂತ್ಕೊಳ್ಳಿ," ಎಂದರು ಭಾವ, ತಿರುಗಿ ನೋಡದೆ.

ತಮ್ಮ ಸರಿದು ಜಾಗ ಮಾಡಿದ. ಮನೆಯ ತಿರುವು ಬಂತು, ಹೋಯಿತು, ಬಸ್ಸು ತಿರುಗದೆ ಮಾರ್ಕೆಟ್ಟಿನ ದಾರಿಯಲ್ಲೇ ಸಾಗಿತು. ಕಂಡಕ್ಟರು ಎದ್ದು, ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತು, ಮತ್ತೆ ಕುಳಿತರು. ಹೆಂಗಸು ಚೀಲವನ್ನು ಮಡಿಲಿಗೆ ಎಳೆದುಕೊಂಡು, ತನ್ನ ಸ್ಟಾಪು ಬಂತೇ ಎಂದು ಕಿಟಕಿಯ ಆಚೆ ನೋಡುತ್ತಿದ್ದಳು.