ಟೋಲ್ ಕಿಟಕಿಯ ಈಚೆ ಬದಿ

ಕಾರು ಬಾಡಿಗೆಗೆ ಕೊಡುವವನ ಅರ್ಜಿಯಲ್ಲಿ 'ಉದ್ಯೋಗ' ಎಂದು ಒಂದು ಸಾಲು ಖಾಲಿ ಇತ್ತು. ಇಕ್ರಾಮ್ ಪೆನ್ನು ಎತ್ತುವ ಮೊದಲೇ ಹಿಂದಿನ ಕುರ್ಚಿಯಿಂದ ಅವಳ ತಾಯಿ ತಾಮು, ಯಜಮಾನರೇ ಅನ್ನುವ ಹಾಗೆ ಅವನನ್ನು 'ಸಿದಿ' ಎಂದು ಕರೆದು, ಉತ್ತರ ಕೊಟ್ಟುಬಿಟ್ಟಳು.

"ಆಫೀಸಲ್ಲಿ ಕೆಲಸ, ಸಿದಿ. ರಸ್ತೆ ಆಫೀಸಲ್ಲಿ."

ಅಂಗಡಿಯವನು ಹಾಗೆಯೇ ಬರೆದುಕೊಂಡ. ಇಕ್ರಾಮ್ ತಿದ್ದಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ತಿದ್ದಿರಲಿಲ್ಲ. ಸೆತ್ತಾತ್ ಊರಿನ ಹೊರಗೆ, ಮರ‍್ರಾಕೆಶ್ ಕಡೆಗೆ ಹೋಗುವ ಹೆದ್ದಾರಿಯ ಟೋಲಿನಲ್ಲಿ ಮೂರನೇ ಕಿಟಕಿ ಅವಳದು. ಚೀಟಿ ತೆಗೆದುಕೊಳ್ಳುವುದು, ಹಣ ತೆಗೆದುಕೊಳ್ಳುವುದು, ಚಿಲ್ಲರೆ ಕೊಡುವುದು, "ದಾರಿ ಸುಖವಾಗಿರಲಿ" ಅನ್ನುವುದು. ಕೆಲಸಕ್ಕೆ ಸೇರಿದ ದಿನವೇ ತಾಯಿ ಮುಖ ತಿರುಗಿಸಿದ್ದಳು. ಮೇಷ್ಟ್ರ ಮಗಳು ಬೀದಿಯಲ್ಲಿ ಹೋಗುವ ಗಂಡಸರ ಮುಂದೆಲ್ಲ ಕೈ ಚಾಚುವುದೇ? ಅಂದಿನಿಂದ ಓಣಿಯವರಿಗೂ ನೆಂಟರಿಗೂ ಅದು 'ಆಫೀಸು' ಆಯಿತು. ಓಣಿಯ ಹೆಂಗಸರೆಲ್ಲ ಸ್ನಾನಕ್ಕೆ ಸೇರುವ ಹಮಾಮಿನಲ್ಲಿ ಯಾರಾದರೂ ಕೆದಕಿದರೆ ತಾಮು ಬಿಸಿನೀರಿನ ಬಕೆಟ್ಟು ಹಿಡಿದು ಆ ಮೂಲೆಗೆ ಸರಿಯುತ್ತಿದ್ದಳು.

ಇಕ್ರಾಮ್‌ಗೆ ಹೊಗಳಿಕೆಯ ಆಸೆ ಇರಲಿಲ್ಲ. ಒಂದೇ ಒಂದು ಸಲ, ಯಾರಾದರೊಬ್ಬರ ಎದುರಿಗೆ, ತಾಯಿ ಅವಳ ಕೆಲಸವನ್ನು ಅದರ ಹೆಸರಿನಿಂದ ಹೇಳಬೇಕು, ಅಷ್ಟೆ. ನಲವತ್ತನಾಲ್ಕು ವರ್ಷ ತುಂಬಿದ ಮೇಲೂ ಈ ಆಸೆ ಉಳಿದುಕೊಂಡಿದೆಯಲ್ಲ ಎಂದು ಅವಳಿಗೇ ಕೆಲವೊಮ್ಮೆ ನಾಚಿಕೆಯಾಗುತ್ತಿತ್ತು. ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಕಳೆಯಲು ಅಸೀಲಾಕ್ಕೆ ಹೋಗೋಣ, ಕಾರು ನಾನೇ ಓಡಿಸುತ್ತೇನೆ ಎಂದು ಅವಳು ಹಟ ಹಿಡಿದದ್ದರ ಹಿಂದೆಯೂ ಇದೇ ಇತ್ತು. ತಾಯಿ ಈವರೆಗೆ ಒಂದೇ ಒಂದು ಟೋಲ್ ಗೇಟನ್ನೂ ದಾಟಿರಲಿಲ್ಲ. ಅವಳ ಬಸ್ಸುಗಳೆಲ್ಲ ಹಳೇ ರಸ್ತೆಯಲ್ಲೇ ಹೋಗುತ್ತಿದ್ದವು.

"ಎರಡನೇ ಡ್ರೈವರ್ ಹೆಸರು ಬರೀಲಾ?" ಅಂಗಡಿಯವನು ಕೇಳಿದ. ಊರೊಳಗೆ ಹಾಲಿನ ವ್ಯಾನು ಓಡಿಸುವ ಅಣ್ಣ ಮುನ್ಸಿಫ್ ಆಗಲೇ ತನ್ನ ಲೈಸೆನ್ಸು ಹೊರಗೆ ತೆಗೆದಿದ್ದ.

"ಬೇಡ, ನಾನೊಬ್ಳೇ," ಅಂದಳು ಇಕ್ರಾಮ್. ಕಾಗದದಲ್ಲಿ ಹೆಸರಿಲ್ಲದವನು ಬಾಡಿಗೆ ಕಾರಿನ ಚಕ್ರ ಹಿಡಿದರೆ, ಟೋಲ್ ದಾಟಿದ ಕೂಡಲೇ ನಿಂತಿರುವ ಪೊಲೀಸರು ಕೇಳುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬೇಡ ಅಂದಿದ್ದಳು.

"ಗಾಜಿಗೆ ಟೋಲ್ ಟ್ಯಾಗ್ ಅಂಟಿಸಿದೆ, ಲಲ್ಲಾ. ಸಾಲಲ್ಲಿ ನಿಲ್ಲೋ ಗೋಳೇ ಇಲ್ಲ," ಅಂಗಡಿಯವನು ಅಮ್ಮಾವ್ರೇ ಅನ್ನುವ ಮರ್ಯಾದೆಯಲ್ಲಿ ಹೇಳಿದ.

"ಅದ್ರಲ್ಲಿ ದುಡ್ಡಿದೆಯಾ?"

"ಇರತ್ತೆ."

"ಇದೆಯಾ, ಇರತ್ತಾ?"

ಅಂಗಡಿಯವನು ನಕ್ಕು ತಲೆ ಕೆರೆದುಕೊಂಡ. ಇಕ್ರಾಮ್ ಗಾಜಿನಿಂದ ಟ್ಯಾಗನ್ನು ಬಿಡಿಸಿದಳು. ತಾಯಿಯ ಬುಟ್ಟಿಯಲ್ಲಿ ಬೇಯಿಸಿದ ಮೊಟ್ಟೆಗಳನ್ನು ಸುತ್ತಿದ್ದ ಬೆಳ್ಳಿ ಕಾಗದದಲ್ಲಿ ಒಂದು ತುಂಡು ಹರಿದು, ಅದರೊಳಗೆ ಟ್ಯಾಗನ್ನು ಮಡಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟಳು. ಹೀಗೆ ಸುತ್ತಿಟ್ಟರೆ ಗೇಟಿನ ಯಂತ್ರ ಅದನ್ನು ಓದುವುದಿಲ್ಲ. ಪ್ರತಿ ಆಗಸ್ಟಿನಲ್ಲೂ ಬಾಡಿಗೆ ಕಾರಿನವರು ಒಳಗೆ ಬರುವಾಗ ಟ್ಯಾಗು, ಹೊರಗೆ ಹೋಗುವಾಗ ಚೀಟಿ ಎಂದು ಸಿಕ್ಕಿಹಾಕಿಕೊಳ್ಳುವುದನ್ನು ಕಿಟಕಿಯ ಒಳಗಿನಿಂದ ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ಮೊಟ್ಟೆ ಜೊತೆ ಅದನ್ನೂ ಉಪ್ಪು ಹಾಕಿ ತಿಂತೀಯೇನೇ?" ಅಂದ ಮುನ್ಸಿಫ್.

ಬೆಳಗಿನ ಮೊದಲ ಗೇಟಿನಲ್ಲೇ ಮಾನ ಹೋಯಿತು. ಹೆದ್ದಾರಿಗೆ ಹತ್ತುವ ಕಡೆ ಕಂಬದಂಥ ಯಂತ್ರವೊಂದು ಚೀಟಿ ಕೊಡುತ್ತದೆ; ಹೊರಗೆ ಹೋಗುವ ಗೇಟಿನಲ್ಲಿ ಅದನ್ನು ನೋಡಿ, ಬಂದ ದೂರಕ್ಕೆ ತಕ್ಕ ಹಣ ಕೇಳುತ್ತಾರೆ. ಇಕ್ರಾಮ್ ಕಾರು ನಿಲ್ಲಿಸಿ, ಗಾಜು ಇಳಿಸಿ, ಕೈ ಚಾಚಿದಳು. ಗುಂಡಿ ಇನ್ನೂ ಒಂದು ಮೊಳ ಆಚೆಗಿತ್ತು. ಬೆಲ್ಟು ಎಳೆದುಕೊಂಡು ಬಾಗಿದಳು, ಸಿಗಲಿಲ್ಲ. ಬಾಗಿಲು ತೆಗೆದರೆ ಅದು ಕಂಬಕ್ಕೆ ಬಡಿಯಿತು. ಹಿಂದಿನಿಂದ ಹಾರ್ನು. ಕೊನೆಗೆ ಬೆಲ್ಟು ಬಿಚ್ಚಿ, ಅರ್ಧ ದೇಹ ಕಿಟಕಿಯಿಂದ ಹೊರಗೆ ಹಾಕಿ ಚೀಟಿ ಕಿತ್ತುಕೊಂಡಳು.

ಮುನ್ಸಿಫ್ ತೊಡೆ ತಟ್ಟಿಕೊಂಡು ನಕ್ಕ. "ಹತ್ತೊಂಬತ್ತು ವರ್ಷ ಜನಕ್ಕೆ ಬೈದೆಯಲ್ಲೇ! 'ಹತ್ರ ಬನ್ನಿ ಸಿದಿ, ನನ್ನ ಕೈ ರಬ್ಬರಲ್ಲ' ಅಂತ. ಈಗ ನಿನ್ನ ಕೈ ಏನಾಗಿದೆ?"

ಇಕ್ರಾಮ್‌ಗೂ ನಗು ಬಂತು, ಆದರೆ ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷ ಕಾರುಗಳು ಅವಳ ಬಳಿಗೆ ಬಂದಿದ್ದವು. ಅವಳೇ ಕಾರು ಓಡಿಸಿಕೊಂಡು ಒಂದು ಗೇಟಿನ ಬಳಿಗೆ ಹೋದದ್ದು ಇದೇ ಮೊದಲು.

"ನಗಬೇಡ್ವೋ," ಅಂದಳು ತಾಯಿ. ಮಗಳ ಪರ ವಹಿಸಿದ ಹಾಗಿತ್ತು. ಮರುಕ್ಷಣವೇ, "ಜನ ನೋಡ್ತಾರೆ," ಅಂದಳು.

ಚೀಟಿಯನ್ನು ಇಕ್ರಾಮ್ ತಲೆಯ ಮೇಲಿನ ಬಿಸಿಲುಪಟ್ಟಿಗೆ ಸಿಕ್ಕಿಸಿದಳು. ಮುಂದೆ ಇಟ್ಟರೆ ಗಾಳಿಗೆ ಹಾರುತ್ತದೆ, ಪರ್ಸಿನಲ್ಲಿಟ್ಟರೆ ಹುಡುಕಬೇಕು, ಮಕ್ಕಳ ಕೈಗೆ ಕೊಟ್ಟವರು ಅಗಿದ ಚೀಟಿ ತಂದುಕೊಡುತ್ತಾರೆ. ಒಂದು ಸಲ ಒಬ್ಬ ಹೆಂಗಸು ಅಳುತ್ತಾ ಕಲ್ಲಂಗಡಿ ಚೀಲದ ತಳದಿಂದ ಅದನ್ನು ತೆಗೆದುಕೊಟ್ಟಿದ್ದಳು. ಚೀಟಿ ಕಳೆದವರು ಅತಿ ದೂರದಿಂದ ಬಂದವರೆಂದೇ ಲೆಕ್ಕ. ಕಟ್ಟುವುದೂ ಅದರಂತೆಯೇ.

ಕಾಸಾಬ್ಲಾಂಕಾ ಹಿಂದೆ ಬಿತ್ತು, ರಬಾತ್ ಹಿಂದೆ ಬಿತ್ತು. ನಡುವೆ ಸಿಕ್ಕ ಗೇಟುಗಳಲ್ಲಿ ಇಕ್ರಾಮ್ ಒಂದೊಂದು ಗೇಣು ಹತ್ತಿರ ನಿಲ್ಲಿಸುತ್ತಾ ಬಂದಳು. ಉತ್ತರದ ದಾರಿಗೆ ಹೊಸ ಚೀಟಿ ತೆಗೆದುಕೊಳ್ಳುವಾಗ ಮೊಣಕೈ ಕೂಡ ಪೂರ್ತಿ ಚಾಚಬೇಕಾಗಲಿಲ್ಲ. ತಾಯಿ ಹಿಂದಿನ ಸೀಟಿನಲ್ಲಿ ರವೆ ರೊಟ್ಟಿ ಮುರಿದು ಮುಂದಕ್ಕೆ ಕೊಡುತ್ತಾ, ಲಾರಿ ಕಂಡಾಗಲೆಲ್ಲ ದೇವರ ಹೆಸರು ಹೇಳುತ್ತಾ ಕುಳಿತಿದ್ದಳು.

ಅಸೀಲಾದ ಗೇಟಿಗೆ ಬಂದಾಗ ಮಧ್ಯಾಹ್ನ. ಹಣ ಕೊಡುವ ಸಾಲು ಮದುವೆ ಮೆರವಣಿಗೆಯ ಹಾಗೆ ಹಿಂದಕ್ಕೆ ಬೆಳೆದಿತ್ತು. ಪಕ್ಕದ ಟ್ಯಾಗಿನ ಸಾಲಿನಲ್ಲಿ ಕಾರುಗಳು ಸುಯ್ ಎಂದು ಹೋಗುತ್ತಿದ್ದವು.

"ನೋಡೇ, ಹಾರ್ಕೊಂಡು ಹೋಗ್ತಿದಾರೆ! ಆ ಟ್ಯಾಗ್ ತೆಗಿ."

"ಚೀಟಿ ತಗೊಂಡು ಒಳಗೆ ಬಂದಿದೀವಿ, ಚೀಟಿ ಕೊಟ್ಟೇ ಹೊರಗೆ ಹೋಗ್ಬೇಕು ಅಣ್ಣಾ."

"ಅಣ್ಣ ಹೇಳಿದ್ದು ಕೇಳೇ," ಅಂದಳು ತಾಯಿ. "ದಿನಾ ಓಡಿಸೋನು ಅವನು."

ಇಕ್ರಾಮ್ ಸಾಲು ಬಿಡಲಿಲ್ಲ. ಅವಳ ಮುಂದೆ ಒಂದೇ ಒಂದು ಕಾರು ಉಳಿದಾಗ ಸಾಲು ನಿಂತೇಹೋಯಿತು. ಅದೂ ಬಾಡಿಗೆ ಕಾರೇ, ಬಿಳಿಯದು. ಕಾರಿನ ತಲೆಯ ಮೇಲೆ ಬ್ರಸೆಲ್ಸಿನ ಪಟ್ಟಿ ಅಂಟಿದ ಸೂಟ್‌ಕೇಸುಗಳು, ಹಿಂದೆ ಮೂವರು ಮಕ್ಕಳು. ಓಡಿಸುತ್ತಿದ್ದವನು ಬ್ರಸೆಲ್ಸಿನಿಂದ ರಜೆಗೆ ಬಂದ ನಮ್ಮವನೇ ಎಂದು ಅವನು ಕೂಗಾಡುವಾಗ ನಡುವೆ ನುಸುಳುವ ಫ್ರೆಂಚಿನಿಂದಲೇ ತಿಳಿಯುತ್ತಿತ್ತು.

"ಅಷ್ಟು ದೂರದ ಕೆನಿತ್ರಾದಿಂದ ಯಾಕೆ ಬರ್ಲಿ ನಾನು! ಇಲ್ಲೇ ಟ್ಯಾಂಜಿಯರಲ್ಲಿ ಹತ್ತಿದ್ದು. ಟ್ಯಾಗಲ್ಲೇ ಒಳಗೆ ಬಂದೆ. ಅಲ್ಲಿ ಗೇಟು ತೆಗೀತು, ಇಲ್ಲಿ ತೆಗೀಲಿಲ್ಲ. ಚೀಟಿ ಎಲ್ಲಿಂದ ತರ್ಲಿ?"

ಕಿಟಕಿಯಲ್ಲಿದ್ದದ್ದು ಚಿಕ್ಕ ಹುಡುಗಿ. ಎದೆಯ ಮೇಲಿನ ಹೆಸರು ಪಟ್ಟಿ ಇನ್ನೂ ಹೊಳೆಯುತ್ತಿತ್ತು. "ಚೀಟಿ ಇಲ್ದಿದ್ರೆ ಪೂರ್ತಿ ದೂರದ್ದು ಸಿದಿ, ನಿಯಮ," ಅಂತ ಅದೊಂದೇ ಮಾತು ಹೇಳುತ್ತಿದ್ದಳು. ಪ್ರತಿ ಸಲವೂ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ಹಿಂದಿನ ಹಾರ್ನುಗಳೆಲ್ಲ ಒಂದಾಗಿ ಒಂದೇ ಉದ್ದದ ಸದ್ದಾಗಿದ್ದವು.

ಇಕ್ರಾಮ್ ಎಂಜಿನ್ ಆರಿಸಿದಳು.

"ಎಲ್ಲಿಗೆ?" ತಾಯಿ ಅವಳ ತೋಳು ಹಿಡಿದಳು. "ಸುಮ್ನೆ ಕೂತ್ಕೋ. ನಮಗ್ಯಾಕೆ?"

"ಒಂದು ನಿಮಿಷ, ಯೆಮ್ಮಾ."

ಅವಳು ಇಳಿದು, ಹಿಂದಿನ ಕಾರುಗಳ ಕಡೆ ತಿರುಗಿ ಅಂಗೈ ಎತ್ತಿದಳು. ಬಯ್ಯಲಿಲ್ಲ, ಬೇಡಲಿಲ್ಲ. ಅಂಗೈ ಎತ್ತಿ ಹಾಗೇ ನಿಂತಳು, ದಿನವೂ ತನ್ನ ಕಿಟಕಿಯಿಂದ ಎತ್ತುವ ಹಾಗೆ. ಮೊದಲ ಹಾರ್ನು ನಿಂತಿತು. ಆಮೇಲೆ ಎರಡನೆಯದು. ಎಂಟನೇ ಕಾರಿನವನು ಮಾತ್ರ ಇನ್ನೊಂದು ಸಲ ಒತ್ತಿ, ತನ್ನೊಬ್ಬನದೇ ಸದ್ದು ಕೇಳಿ ನಾಚಿ ಬಿಟ್ಟ.

ಅವಳು ಬಿಳಿ ಕಾರಿನ ಹತ್ತಿರ ಬಂದಳು. "ಸಿದಿ, ಎಂಜಿನ್ ಆರಿಸಿ. ಮಕ್ಕಳಿಗೆ ನೀರು ಕೊಡಿ. ನಿಮ್ಮ ದುಡ್ಡು ಎಲ್ಲಿಗೂ ಹೋಗಲ್ಲ." ಅವನು ಬಾಯಿ ತೆರೆದ, ಆದರೆ ಕೈ ತಾನಾಗಿಯೇ ಕೀಲಿ ತಿರುಗಿಸಿತು. ಅವಳು ಕಿಟಕಿಗೆ ಬಾಗಿದಳು. "ನಿಸ್ರಿನ್ ಅಲ್ವೇನಮ್ಮಾ? ಮುಖ ನೋಡ್ಬೇಡ, ಕೈ ನೋಡು. ಮುಖ ಬೈಯತ್ತೆ, ಕೈ ಬರೀ ದುಡ್ಡು ಕೊಡತ್ತೆ. ನಿನ್ನ ಬಲಗಡೆ, ಎರಡನೇ ಡ್ರಾಯರು. ರಸೀದಿ ಸುರುಳಿ ಕೆಳಗೆ ನೋಡು."

ಹುಡುಗಿ ತೆರೆದಳು. ಸಾಬೂನಿನ ಪೆಟ್ಟಿಗೆಯಷ್ಟಿದ್ದ ಕಪ್ಪು ಯಂತ್ರವೊಂದು ಅಲ್ಲಿತ್ತು.

"ಟ್ಯಾಗಲ್ಲಿ ದುಡ್ಡು ಮುಗಿದಿದ್ರೂ, ಎಲ್ಲಿ ಒಳಗೆ ಬಂತು ಅನ್ನೋದು ಅದು ಮರೆಯಲ್ಲ. ಸಿದಿ, ಆ ಟ್ಯಾಗ್ ಬಿಡಿಸಿ ಕೊಡಿ."

ಯಂತ್ರ ಒಮ್ಮೆ ಕೂಗಿತು. ಹುಡುಗಿ ಪರದೆ ನೋಡಿ, "ಟ್ಯಾಂಜಿಯರ್!" ಎಂದು ಕಿರುಚಿದಳು, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. ಬ್ರಸೆಲ್ಸಿನವನು ಟ್ಯಾಂಜಿಯರಿಂದ ಆಗುವಷ್ಟನ್ನೇ ಕೊಟ್ಟ. ಹೋಗುವಾಗ, "ಕ್ಷಮಿಸಮ್ಮಾ, ಬಿಸಿಲಿಗೆ ತಲೆ ಕೆಟ್ಟಿತ್ತು," ಎಂದು ಹುಡುಗಿಗೆ ಹೇಳಿಯೇ ಹೋದ. ಅವನ ಮಕ್ಕಳು ಹಿಂದಿನ ಗಾಜಿನಿಂದ ಇಕ್ರಾಮ್‌ಗೆ ಕೈ ಬೀಸಿದರು.

ಅವಳು ತಿರುಗಿ ಬಂದು ಎಂಜಿನ್ ಹಚ್ಚಿದಳು. ಕನ್ನಡಿಯಲ್ಲಿ ತಾಯಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಬಿಸಿಲಲ್ಲಿ, ಅಷ್ಟು ಗಂಡಸರ ಎದುರಿಗೆ, ನಡುರಸ್ತೆಯಲ್ಲಿ ಕೈ ಎತ್ತಿ ನಿಂತಿದ್ದಾಳೆ. ಮುಚ್ಚಿಟ್ಟದ್ದೆಲ್ಲ ಹೊರಗೆ ಬಂದ ಹಾಗಾಯಿತು. ಅವಳು ಕಾರನ್ನು ಮುಂದಕ್ಕೆ ಬಿಟ್ಟು, ಕಿಟಕಿಗೆ ಸರಿಯಾಗಿ ನಿಲ್ಲಿಸಿದಳು. ಕನ್ನಡಿಗೂ ಗೋಡೆಗೂ ನಡುವೆ ಎರಡು ಬೆರಳಿನ ಜಾಗ. ಚೀಟಿಯನ್ನೂ ಹಣವನ್ನೂ ಒಟ್ಟಿಗೆ ಕೊಟ್ಟಳು.

ಹುಡುಗಿ ಅವುಗಳನ್ನು ತೆಗೆದುಕೊಳ್ಳುವುದನ್ನೂ ಮರೆತು ನೋಡುತ್ತಿದ್ದಳು. "ಲಲ್ಲಾ, ಆ ಡ್ರಾಯರು ನಿಮಗೆ ಹೇಗೆ ಗೊತ್ತು? ನಂಗೇ ಗೊತ್ತಿರ್ಲಿಲ್ಲ. ಯಾರು ನೀವು?"

ಇಕ್ರಾಮ್ ಬಾಯಿ ತೆರೆಯುವ ಮೊದಲೇ ಹಿಂದಿನ ಗಾಜು ಕಿರ್ ಎಂದು ಕೆಳಗಿಳಿಯಿತು. ಬೆಳಿಗ್ಗೆ ಅಂಗಡಿಯಲ್ಲಿ ಆದದ್ದೇ ಮತ್ತೆ ಆಗುತ್ತದೆ ಎಂದುಕೊಂಡು ಅವಳು ಕಣ್ಣು ಕೆಳಗೆ ಹಾಕಿದಳು.

"ನನ್ನ ಮಗಳು," ಅಂದಳು ತಾಮು. ಪಕ್ಕದ ಸಾಲಿಗೂ ಕೇಳುವಷ್ಟು ದನಿ. "ಸೆತ್ತಾತ್ ಟೋಲಲ್ಲಿ ಕೂರ್ತಾಳೆ. ನಿನ್ನ ಹಾಗೇ ಪೆಟ್ಟಿಗೆ ಒಳಗೆ. ಹತ್ತೊಂಬತ್ತು ವರ್ಷ. ಮೂರನೇ ಕಿಟಕಿ."

ಮೂರನೇ ಕಿಟಕಿ. ಇಕ್ರಾಮ್ ಅದನ್ನು ತಾಯಿಗೆ ಹೇಳಿದ್ದು ಕೆಲಸಕ್ಕೆ ಸೇರಿದ ವಾರ, ಒಂದೇ ಸಲ. ಅಂದು ತಾಯಿ ಕೇಳಿಸಿಕೊಳ್ಳದವಳ ಹಾಗೆ ಬಟಾಣಿ ಸುಲಿಯುತ್ತಿದ್ದಳು.

"ಎಷ್ಟು ಹತ್ರ ನಿಲ್ಸಿದಾಳೆ ನೋಡು," ತಾಮು ಮುಂದುವರಿಸಿದಳು. "ಇವನು ವ್ಯಾನ್ ಓಡಿಸೋನು, ನಮ್ಮ ಮನೆ ಬಾಗಿಲ ಕಂಬಕ್ಕೇ ಎರಡು ಸಲ ಗುದ್ದಿದಾನೆ."

"ಯೆಮ್ಮಾ!" ಅಂದ ಮುನ್ಸಿಫ್.

"ಸುಮ್ನಿರೋ. ತಗೋಮ್ಮಾ," ಎಂದು ತಾಮು ಕಿಟಕಿಯಿಂದ ಕೈ ಚಾಚಿ ಹುಡುಗಿಗೆ ಎರಡು ಮೊಟ್ಟೆ ಕೊಟ್ಟಳು. ಕೈ ಸಲೀಸಾಗಿ ಮುಟ್ಟಿತು. "ಊಟ ಆಗಿರಲ್ಲ ನಿಂದು. ಇವಳದೂ ಆಗ್ತಿರ್ಲಿಲ್ಲ. ಮಧ್ಯಾಹ್ನದ ಪಾಳಿ ಇದ್ದಾಗ ಒಣಗಿ ಬರ್ತಿದ್ಲು."

ಗೇಟು ಮೇಲೆದ್ದಿತು. "ದಾರಿ ಸುಖವಾಗಿರಲಿ," ಅಂದಳು ಹುಡುಗಿ. ಅದೇ ಉಸಿರಿನಲ್ಲಿ, ಹತ್ತೊಂಬತ್ತು ವರ್ಷದ ಅಭ್ಯಾಸ, ಇಕ್ರಾಮ್ ಕೂಡ ಅದನ್ನೇ ಹೇಳಿಬಿಟ್ಟಳು. ಇಬ್ಬರೂ ನಕ್ಕರು.

ಗೇಟಿನಾಚೆ ನಿಂತಿದ್ದ ಪೊಲೀಸಿನವನು ಕೈ ಅಡ್ಡ ಹಿಡಿದ. ಬಾಡಿಗೆಯ ಕಾಗದ ನೋಡಿದ, ಲೈಸೆನ್ಸು ನೋಡಿದ, ಇಕ್ರಾಮ್‌ಳ ಮುಖ ನೋಡಿದ. "ಉದ್ಯೋಗ ಆಫೀಸು ಅಂತ ಬರೆದಿದೆ. ಯಾವ ಆಫೀಸು, ಲಲ್ಲಾ?" ಸುಮ್ಮನೆ, ಹೊತ್ತು ಕಳೆಯಲು ಕೇಳಿದ ಮಾತು.

"ಅದು ತಪ್ಪು ಬರೆದದ್ದು, ಸಿದಿ," ಹಿಂದಿನಿಂದ ತಾಮು ಮುಂದಕ್ಕೆ ಬಗ್ಗಿದಳು. "ನಾನೇ ತಪ್ಪು ಹೇಳಿದ್ದು. ನನ್ನ ಮಗಳು…"

ಮುನ್ಸಿಫ್ ಹಣೆ ಹಿಡಿದುಕೊಂಡ. "ಸಮುದ್ರ ಮುಟ್ಟೋದ್ರೊಳಗೆ ಇನ್ನೆಷ್ಟು ಜನಕ್ಕೆ ಹೇಳ್ತಾಳೋ ಇವಳು!"

ಇಕ್ರಾಮ್‌ಗೆ ಯಾವ ಆತುರವೂ ಇರಲಿಲ್ಲ. ಅವಳು ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಎರಡೂ ಕೈ ಚಕ್ರದ ಮೇಲಿಟ್ಟು, ತಾಯಿ ಪೂರ್ತಿ ಹೇಳಿ ಮುಗಿಸಲಿ ಎಂದು ಕುಳಿತಳು.